ಭಾನುವಾರ ಹತ್ತರಿಂದ ಐದರವರೆಗೆ

ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವಿನ ವಿಚಾರಕ್ಕೆ ಜಗಳ ಬಂದರೆ ನಮ್ಮ ಕಡೆ ಜನ ಮೊದಲು ಹತ್ತುವುದು ಪೊಲೀಸ್ ಠಾಣೆಯ ಮೆಟ್ಟಿಲು. ಭದ್ರಾವತಿಯವರಾದರೆ ಓಲ್ಡ್ ಟೌನ್ ಠಾಣೆ, ಇಲ್ಲವೇ ನ್ಯೂ ಟೌನ್; ಶಿವಮೊಗ್ಗದವರಾದರೆ ಮಹಿಳಾ ಠಾಣೆ. "ಸಾರ್, ಹಬ್ಬಕ್ಕೂ ಮಗೂನ ನೋಡಕ್ಕೆ ಬಿಡ್ಲಿಲ್ಲ" ಎಂದು ಒಬ್ಬರ ದೂರು. "ಶನಿವಾರ ಕರ್ಕೊಂಡು ಹೋದೋರು ಸೋಮವಾರ ಆದ್ರೂ ವಾಪಸ್ ಕಳ್ಸಿಲ್ಲ" ಎಂದು ಇನ್ನೊಬ್ಬರದು. ಠಾಣೆಯವರು ಇಬ್ಬರನ್ನೂ ಕರೆಸಿ, ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸಬಹುದು. ಅದಕ್ಕಿಂತ ಹೆಚ್ಚಿನದು ಅವರ ಕೈಯಲ್ಲಿಲ್ಲ. ಮಗು ಯಾರ ಹತ್ತಿರ ಇರಬೇಕು, ಇನ್ನೊಬ್ಬರು ಯಾವಾಗ, ಎಲ್ಲಿ, ಎಷ್ಟು ಹೊತ್ತು ನೋಡಬೇಕು ಎಂದು ತೀರ್ಮಾನಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ. ಕೋರ್ಟಿನ ಆದೇಶವೇ ಇಲ್ಲದಾಗ ಹೆತ್ತ ತಂದೆಯೇ ಮಗುವನ್ನು ಕರೆದುಕೊಂಡು ಹೋದರೆ ಅದು ಅಪಹರಣದ ಕೇಸು ಆಗುವುದೂ ಸಾಮಾನ್ಯವಾಗಿ ಕಷ್ಟ.

ಠಾಣೆಯಿಂದ ವಕೀಲರ ಕಚೇರಿಗೆ, ಅಲ್ಲಿಂದ ಶಿವಮೊಗ್ಗದ ಕೌಟುಂಬಿಕ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಎರಡೂ ಮನೆಯವರು "ಕಸ್ಟಡಿ ಗೆಲ್ಲಬೇಕು" ಎನ್ನುವ ಹಟಕ್ಕೆ ಬಿದ್ದಿರುತ್ತಾರೆ. ಗೆದ್ದವರಿಗೆ ಮಗು, ಸೋತವರಿಗೆ ಏನೂ ಇಲ್ಲ ಎಂಬ ತಿಳಿವಳಿಕೆ ಎರಡೂ ಕಡೆ ಇರುತ್ತದೆ. ಇಷ್ಟು ವ್ಯಾಪಕವಾಗಿ ಹರಡಿರುವ, ಇಷ್ಟು ಹಾನಿ ಮಾಡುವ ತಪ್ಪು ತಿಳಿವಳಿಕೆ ಕೌಟುಂಬಿಕ ಕಾನೂನಿನಲ್ಲಿ ಇನ್ನೊಂದಿಲ್ಲ. ಮಗುವನ್ನು ಒಬ್ಬರ ಸುಪರ್ದಿಗೆ ಕೊಟ್ಟ ಮಾತ್ರಕ್ಕೆ ಇನ್ನೊಬ್ಬರು ತಂದೆಯೋ ತಾಯಿಯೋ ಆಗಿ ಉಳಿಯುವುದಿಲ್ಲ ಎಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಕೋರ್ಟು ಅಳೆಯುವುದು ಅಪ್ಪನ ಹಕ್ಕನ್ನೂ ಅಲ್ಲ, ಅಮ್ಮನ ಹಕ್ಕನ್ನೂ ಅಲ್ಲ, ಮಗುವಿನ ಹಿತವನ್ನು.

ಈ ಮಾತು ಹೊಸದಲ್ಲ. ಇವತ್ತಿಗೂ ನಡೆಯುತ್ತಿರುವ ಪಾಲಕರು ಮತ್ತು ಪಾಲ್ಯರ ಕಾಯಿದೆ 1890ರದು. ಅದರ 17ನೇ ಕಲಂ ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರಾಗಲು ಬಂದವರ ನಡತೆ ಮತ್ತು ಸಾಮರ್ಥ್ಯ ಎಲ್ಲವನ್ನೂ ನೋಡಿ ಮಗುವಿನ ಹಿತಕ್ಕೆ ತಕ್ಕುದನ್ನು ಮಾಡಿ ಎನ್ನುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 13ನೇ ಕಲಂ ಇನ್ನೂ ಖಚಿತ: ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು.

ಹಳೆಯ ಕಾಯಿದೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ದಕ್ಷಿಣ ಭಾರತದ್ದೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಮದನಪಲ್ಲಿಯಲ್ಲಿ ಹುಟ್ಟಿ ಮುಂದೆ ತತ್ತ್ವಚಿಂತಕರಾಗಿ ಹೆಸರಾದ ಜಿಡ್ಡು ಕೃಷ್ಣಮೂರ್ತಿ ಮತ್ತು ಅವರ ತಮ್ಮ ನಿತ್ಯಾನಂದ ಹುಡುಗರಾಗಿದ್ದಾಗ, 1910ರಲ್ಲಿ, ಅವರ ತಂದೆ ನಾರಾಯಣಯ್ಯ ಮಕ್ಕಳ ಪಾಲನೆಯನ್ನು ಆನಿ ಬೆಸೆಂಟ್ ಅವರಿಗೆ ಬರೆದುಕೊಟ್ಟರು. ಎರಡು ವರ್ಷದ ಮೇಲೆ ಮನಸ್ಸು ಬದಲಾಗಿ ಮಕ್ಕಳನ್ನು ವಾಪಸ್ ಕೇಳಿ ಮೊಕದ್ದಮೆ ಹೂಡಿದರು. ಮದ್ರಾಸ್ ಹೈಕೋರ್ಟ್ 1913ರಲ್ಲಿ ತಂದೆಯ ಪರ ತೀರ್ಪು ಕೊಟ್ಟಿತು. ಆದರೆ ಲಂಡನ್ನಿನ ಪ್ರಿವಿ ಕೌನ್ಸಿಲ್ 1914ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಕಾರಣ ಎರಡು. ಹುಡುಗರು ಆಗ ವಾಸವಿದ್ದದ್ದು ಇಂಗ್ಲೆಂಡಿನಲ್ಲಿ, ಮದ್ರಾಸಿನಲ್ಲಿ ಅಲ್ಲ. ಮತ್ತೆ, ಬೆಳೆದ ಹುಡುಗರ ಇಷ್ಟವೇನು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮಗು ಇರುವುದು ಎಲ್ಲಿ, ಮಗುವಿಗೆ ಬೇಕಾದದ್ದು ಏನು? ನೂರು ವರ್ಷಕ್ಕೂ ಹಿಂದಿನ ಈ ಎರಡು ಪ್ರಶ್ನೆಗಳು ಇವತ್ತು ಶಿವಮೊಗ್ಗದ ಕೋರ್ಟಿನಲ್ಲೂ ಎದ್ದು ಬರುತ್ತವೆ.

ಮೊದಲನೆಯದು ಭದ್ರಾವತಿಯಂಥ ಊರಿಗೆ ಬಲು ಮುಖ್ಯ. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದದ ಕಾರ್ಖಾನೆಯ ಸ್ಥಾಪನೆ. ಇವೆರಡನ್ನು ನಂಬಿ ಬೆಳೆದ ಊರು ಅದು. ಕಾಗದದ ಎಂಪಿಎಂ ನಿಂತುಹೋಯಿತು, ಕಬ್ಬಿಣದ ವಿಐಎಸ್‌ಎಲ್‌ನಲ್ಲಿ ಕೆಲಸ ಕುಗ್ಗಿತು. ಅಪ್ಪ ಮಾಡಿದ ಕೆಲಸ ಮಗನಿಗೆ ಸಿಗದೆ ಯುವಕರು ಬೆಂಗಳೂರಿನ ಬಸ್ಸು, ರೈಲು ಹತ್ತಿದರು. ಹಾಗಾಗಿ ಇಲ್ಲಿಯ ವ್ಯಾಜ್ಯಗಳಿಗೆ ಒಂದು ಪರಿಚಿತ ರೂಪ ಬಂದಿದೆ. ಉದಾಹರಣೆಗೆ, ಗಂಡ ಪೀಣ್ಯದ ಕಡೆ ಕೆಲಸದಲ್ಲಿ, ಹೆಂಡತಿಯ ತವರು ಓಲ್ಡ್ ಟೌನಿನಲ್ಲಿ ಎಂದಿಟ್ಟುಕೊಳ್ಳಿ. ಮನಸ್ತಾಪವಾಗಿ ಆಕೆ ಆರು ವರ್ಷದ ಮಗನೊಂದಿಗೆ ತವರಿಗೆ ಬಂದಿದ್ದಾಳೆ, ಮಗುವನ್ನು ಇಲ್ಲೇ ಶಾಲೆಗೆ ಸೇರಿಸಿದ್ದಾಳೆ. ಗಂಡ ಬೆಂಗಳೂರಿನಲ್ಲಿ ಕೇಸು ಹಾಕಬೇಕೋ, ಶಿವಮೊಗ್ಗದಲ್ಲೋ?

1890ರ ಕಾಯಿದೆಯ 9ನೇ ಕಲಮಿನ ಉತ್ತರ ನೇರವಾಗಿದೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿರುತ್ತದೋ ಅಲ್ಲಿಯ ನ್ಯಾಯಾಲಯಕ್ಕೆ ಅಧಿಕಾರ. ಅಪ್ಪ ಎಲ್ಲಿರುತ್ತಾನೆ, ಮದುವೆ ಯಾವ ಛತ್ರದಲ್ಲಿ ಆಯಿತು ಎನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ. ಹಾಗೆಂದು ರಾತ್ರೋರಾತ್ರಿ ಮಗುವನ್ನು ಬಸ್ಸು ಹತ್ತಿಸಿ ತಂದು ಮರುದಿನ ಇಲ್ಲೇ ವಾಸ ಎಂದರೆ ಕೋರ್ಟು ಒಪ್ಪಿಬಿಡುವುದಿಲ್ಲ. ಮಗು ಎಷ್ಟು ಕಾಲದಿಂದ ಇಲ್ಲಿದೆ, ಶಾಲೆ ಯಾವುದು, ಬಂದದ್ದು ಏಕೆ ಎಂದು ನೋಡುತ್ತದೆ. ಶಾಲೆಯ ದಾಖಲಾತಿ ರಸೀದಿ, ಲಸಿಕೆಯ ಕಾರ್ಡು ಇಂಥ ಸಣ್ಣ ಕಾಗದಗಳು ಸಾಕ್ಷಿಯಾಗಿ ತೂಕ ಪಡೆಯುವುದು ಇಲ್ಲೇ.

ವಯಸ್ಸಿನ ವಿಚಾರಕ್ಕೆ ಊರಲ್ಲಿ ಹರಡಿರುವ ನಂಬಿಕೆಗಳಿಗೆ ಲೆಕ್ಕವಿಲ್ಲ. "ಐದು ವರ್ಷದವರೆಗೆ ತಾಯಿಗೆ, ಆಮೇಲೆ ತಂದೆಗೆ" ಎನ್ನುವುದು ಅವುಗಳಲ್ಲಿ ಮೊದಲನೆಯದು. 1956ರ ಕಾಯಿದೆಯ 6ನೇ ಕಲಂ ಹೇಳುವುದು ಅರ್ಧ ಮಾತ್ರ: ಐದು ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯದು. ಐದು ತುಂಬಿದ ದಿನ ಮಗು ತಾನಾಗಿಯೇ ತಂದೆಗೆ ಹೋಗಬೇಕು ಎಂದು ಅಲ್ಲಿ ಬರೆದಿಲ್ಲ. ಇನ್ನೊಂದು ನಂಬಿಕೆ, ಇಷ್ಟು ವರ್ಷ ಆದರೆ ಮಗು ಹೇಳಿದ್ದೇ ಅಂತಿಮ ಎನ್ನುವುದು. ಕಾಯಿದೆಯಲ್ಲಿ ಅಂಥ ಅಂಕಿಯೂ ಇಲ್ಲ. ತಿಳಿದು ಆಯ್ಕೆ ಮಾಡುವಷ್ಟು ಮಗು ಬೆಳೆದಿದ್ದರೆ ಅದರ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು, ಅಷ್ಟೆ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ಅಪ್ಪ ಅಮ್ಮ ವಕೀಲರು ಯಾರೂ ಇಲ್ಲದೆ ಮಾತನಾಡುವುದು ಇದಕ್ಕೇ. ಯಾವ ತರಗತಿ, ಯಾವ ಟೀಚರ್ ಇಷ್ಟ, ಮನೆಯಲ್ಲಿ ಯಾರು ಊಟ ಬಡಿಸುತ್ತಾರೆ ಎಂದು ಶುರುವಾಗುವ ಮಾತಿನಲ್ಲಿ ಹೇಳಿಕೊಟ್ಟ ಉತ್ತರ ಯಾವುದು, ಮಗುವಿನದೇ ಮಾತು ಯಾವುದು ಎಂದು ಅನುಭವಿ ನ್ಯಾಯಾಧೀಶರಿಗೆ ತಿಳಿಯುತ್ತದೆ. ಕೇರಳದ ದಂಪತಿಯೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಮಗಳೊಂದಿಗೆ ಖುದ್ದಾಗಿ ಮಾತನಾಡಿ, 2006ರಲ್ಲಿ ಆಕೆಯ ಇಷ್ಟದಂತೆ ತಂದೆಯ ಬಳಿ ಉಳಿಸಿದರು. ತಾಯಿಯ ಭೇಟಿಯ ಹಕ್ಕನ್ನೂ ಅದೇ ಆದೇಶದಲ್ಲಿ ಕಾಪಾಡಿದರು.

ತಾಯಿಗೆ ಪಾಲಕಿಯ ಸ್ಥಾನ ಸಲೀಸಾಗಿ ಸಿಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ತಾವೇ ಪಾಲಕಿಯಾಗಿ ಸಹಿ ಹಾಕಿದಾಗ, ತಂದೆಯ ಸಹಿ ತನ್ನಿ ಎಂದು ಅರ್ಜಿ ವಾಪಸ್ ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದೆ ಇದ್ದರೆ ತಾಯಿಯೇ ಸಹಜ ಪಾಲಕಿ ಆಗಬಲ್ಲಳು ಎಂದು 1999ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಆದರೂ ಕಾಯಿದೆಯ ಪುಸ್ತಕದಲ್ಲಿ ತಂದೆಯ ಹೆಸರೇ ಮೊದಲು ಉಳಿದುಕೊಂಡಿದೆ. ಇದನ್ನು ತಿದ್ದಿ ಇಬ್ಬರನ್ನೂ ಸಮಾನ ಪಾಲಕರನ್ನಾಗಿ ಮಾಡಿ ಎಂದು ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ, 2015ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆಯೋಗದ ವರದಿಗಳು ಸಂಸತ್ತಿನ ಬಾಗಿಲಲ್ಲಿ ಇಷ್ಟು ಕಾಲ ಕಾಯಬಾರದು.

ಮುಸ್ಲಿಂ ಕುಟುಂಬಗಳಲ್ಲಿ ಹನಫಿ ಪದ್ಧತಿಯಂತೆ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಋತುಮತಿಯಾಗುವವರೆಗೆ ತಾಯಿಯ ಹಿಜಾನತ್‌ನಲ್ಲಿ, ಅಂದರೆ ಪಾಲನೆಯಲ್ಲಿ ಇರುವುದು ರೂಢಿ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯಿದೆಯಲ್ಲೇ ಮಕ್ಕಳ ಸುಪರ್ದಿಯ ಕಲಮುಗಳಿವೆ. ವೈಯಕ್ತಿಕ ಕಾನೂನು ಬೇರೆಬೇರೆಯಾದರೂ 1890ರ ಕಾಯಿದೆ ಎಲ್ಲರಿಗೂ ಒಂದೇ, ಮಗುವಿನ ಹಿತದ ಅಳತೆಯೂ ಒಂದೇ.

ಇನ್ನು ಮಗು ಜೊತೆಗಿಲ್ಲದವರ ಹಕ್ಕು. ನಿಜವಾದ ಜಗಳ ಇರುವುದು ಇಲ್ಲಿ, ತೀರ್ಪು ಬಂದ ಮೇಲೆ. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2013ರಲ್ಲಿ ಕೊಟ್ಟ ಒಂದು ತೀರ್ಪನ್ನು ಕಾನೂನು ಆಯೋಗವೂ ತನ್ನ ವರದಿಯಲ್ಲಿ ಎತ್ತಿ ಹೇಳಿದೆ. ಮಗುವಿನ ಬೆಳವಣಿಗೆಗೆ ಇಬ್ಬರೂ ಬೇಕು ಎಂದ ಪೀಠ, ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಲಿ ಎಂದಿತು. ಓದಿನ ಖರ್ಚು, ಇತರ ಖರ್ಚು ಸಮಪಾಲು. ಒಬ್ಬರ ಮನೆಯಲ್ಲಿರುವಾಗ ಇನ್ನೊಬ್ಬರಿಗೆ ಶನಿವಾರ ಭಾನುವಾರದ ಭೇಟಿ. ಫೋನಿನಲ್ಲಿ, ವಿಡಿಯೊದಲ್ಲಿ ಮಾತನಾಡಲು ಮಗುವಿಗೆ ಅವಕಾಶ. ಎಲ್ಲ ಮಕ್ಕಳಿಗೂ ಆರಾರು ತಿಂಗಳ ಈ ಲೆಕ್ಕ ಹೊಂದುವುದಿಲ್ಲ; ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಶಾಲೆಗೆ ಹತ್ತಿರ ಇದ್ದರೆ ಮಾತ್ರ ಅದು ನಡೆಯುವ ಮಾತು. ಭದ್ರಾವತಿಯ ಮಗುವನ್ನು ಆರು ತಿಂಗಳಿಗೊಮ್ಮೆ ಬೆಂಗಳೂರಿನ ಶಾಲೆಗೆ ಬದಲಿಸಲಾಗುತ್ತದೆಯೇ? ಆದರೆ ಆ ತೀರ್ಪಿನ ಸತ್ವ ಅದರ ವಿವರದಲ್ಲಿದೆ. ದಿನಾಂಕ, ವಾರ, ಖರ್ಚು, ಫೋನು ಎಲ್ಲವನ್ನೂ ಅದು ಹೆಸರಿಟ್ಟು ಹೇಳಿತು.

ನಮ್ಮ ಬಹುಪಾಲು ರಾಜಿ ಪತ್ರಗಳಲ್ಲಿ ಇಲ್ಲದೇ ಇರುವುದು ಅದೇ. ಪರಸ್ಪರ ಒಪ್ಪಿ ವಿಚ್ಛೇದನಕ್ಕೆ ಜಂಟಿ ಅರ್ಜಿ ಹಾಕುವಾಗ ಒಡವೆಯ ಪಟ್ಟಿ, ಜೀವನಾಂಶದ ಕಂತು ಎಲ್ಲವೂ ಪೈಸೆಯ ಲೆಕ್ಕದಲ್ಲಿ ಇರುತ್ತವೆ. ಮಗುವಿನ ವಿಚಾರಕ್ಕೆ ಬಂದಾಗ ಒಂದೇ ಸಾಲು: ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಯು ಅನುಕೂಲವಾದಾಗ ಬಂದು ನೋಡತಕ್ಕದ್ದು. ಯಾರ ಅನುಕೂಲ? ಸಹಿ ಹಾಕಿದ ದಿನ ಇಬ್ಬರಿಗೂ ಮುಗಿದರೆ ಸಾಕಾಗಿರುತ್ತದೆ. ಆರು ತಿಂಗಳಲ್ಲಿ ಆ ಒಂದು ಸಾಲಿನಿಂದಲೇ ಹೊಸ ಕೇಸು ಹುಟ್ಟುತ್ತದೆ.

ಒಂದು ಭಾನುವಾರವನ್ನು ಹತ್ತಿರದಿಂದ ನೋಡಿ. ಹತ್ತು ಗಂಟೆಗೆ ಅಪ್ಪ ಬೈಕ್ ನಿಲ್ಲಿಸಿ ಹಾರ್ನ್ ಮಾಡುತ್ತಾನೆ. ಒಳಗೆ ಬರಲು ಅವನಿಗೆ ಮುಖವಿಲ್ಲ, ಕರೆಯಲು ಇವರಿಗೆ ಮನಸ್ಸಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು "ಜ್ವರ ಇದೆ, ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಜ್ವರ ನಿಜವೂ ಇರಬಹುದು. ಬೈಕಿನ ಮೇಲಿದ್ದವನಿಗೆ ಅದು ಸುಳ್ಳೆಂದೇ ಕೇಳಿಸುತ್ತದೆ. ಮಗು ಕಿಟಕಿಯ ಸರಳು ಹಿಡಿದು ಎರಡೂ ಕಡೆ ನೋಡುತ್ತದೆ. ಮುಂದಿನ ವಾರ ಕಳಿಸಿದರೂ ಐದು ಗಂಟೆಗೆ ಬರಬೇಕಾದ ಮಗು ಏಳೂವರೆಗೆ ಬರುತ್ತದೆ, ಹೋಂವರ್ಕ್ ಹಾಗೇ ಇದೆ, ಕೆಮ್ಮಿನ ಸಿರಪ್ ಬ್ಯಾಗಿನಿಂದ ಹೊರಗೇ ಬಂದಿಲ್ಲ. ಸೋಮವಾರ ಎರಡೂ ಕಡೆಯ ವಕೀಲರಿಗೆ ಫೋನು ಹೋಗುತ್ತದೆ. ಇಲ್ಲಿ ಕೆಟ್ಟವರು ಯಾರೂ ಇಲ್ಲದಿರಬಹುದು. ಕೆಟ್ಟದಾಗಿ ಬರೆದ ಒಂದು ಕಾಗದ ಮಾತ್ರ ಇದೆ.

ಒಳ್ಳೆಯ ಆದೇಶ ಇಂಥ ಪ್ರತಿ ಹಂತಕ್ಕೂ ಉತ್ತರ ಬರೆದಿಟ್ಟಿರುತ್ತದೆ. ಎಷ್ಟನೇ ಭಾನುವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ. ಒಪ್ಪಿಸುವುದು ಯಾರ ಮನೆಯಲ್ಲಿ, ಅಲ್ಲಿ ಆಗದಿದ್ದರೆ ಯಾವ ದೇವಸ್ಥಾನದ, ಯಾವ ಪಾರ್ಕಿನ ಮುಂದೆ. ಮಗುವಿಗೆ ಹುಷಾರಿಲ್ಲದಿದ್ದರೆ ತಪ್ಪಿದ ದಿನವನ್ನು ಯಾವಾಗ ತುಂಬಿಕೊಡಬೇಕು. ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ. ಹುಟ್ಟುಹಬ್ಬದ ದಿನ ಯಾರಿಗೆ ಬೆಳಿಗ್ಗೆ, ಯಾರಿಗೆ ಸಂಜೆ. ಶಾಲೆಯ ಪೋಷಕರ ಸಭೆಗೆ ಇಬ್ಬರೂ ಬರಬಹುದೇ, ಅಂಕಪಟ್ಟಿ ಇಬ್ಬರಿಗೂ ಸಿಗಬೇಕೇ. ಆಪರೇಷನ್ ಎಂದಾದರೆ ತಿಳಿಸುವುದು ಯಾರು. ಅಜ್ಜ ಅಜ್ಜಿ ಬರಬಹುದೇ. ಕೇಳಲು ಚಿಲ್ಲರೆ ವಿಷಯ ಎನಿಸುತ್ತದೆ. ಬಾಲ್ಯ ನಡೆಯುವುದು ಈ ಚಿಲ್ಲರೆ ವಿಷಯಗಳಲ್ಲೇ.

ಭೇಟಿಗೆ ಬರಲಾಗದ ದೂರದಲ್ಲಿ ಇರುವವರಿಗೆ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೊಟ್ಟ ತೀರ್ಪು ದೊಡ್ಡ ಆಸರೆ. ಮುಖಾಮುಖಿ ಭೇಟಿಯಷ್ಟೇ ಅಲ್ಲ, ಸಂಪರ್ಕದ ಹಕ್ಕೂ ಇದೆ ಎಂದ ಕೋರ್ಟು, ಸುಪರ್ದಿ ಸಿಗದ ತಂದೆ ಅಥವಾ ತಾಯಿಗೆ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನೊಂದಿಗೆ ಮಾತನಾಡುವ ಅವಕಾಶ ಇರಬೇಕು, ವಿಡಿಯೊ ಕರೆಯಾದರೆ ಇನ್ನೂ ಒಳ್ಳೆಯದು ಎಂದಿತು. ಪೀಣ್ಯದಲ್ಲಿ ರಾತ್ರಿ ಪಾಳಿ ಮುಗಿಸುವ ತಂದೆ ಇದನ್ನು ಕೇಳಿ ಪಡೆಯಬಹುದು, ಆದೇಶದಲ್ಲಿ ಸಮಯ ಬರೆಸಿಕೊಳ್ಳಬಹುದು.

ಎಲ್ಲ ಭೇಟಿಯೂ ಮಗುವಿಗೆ ಹಿತವಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಕುಡಿದು ಬರುವ, ಕೈ ಮಾಡುವ, ಮಗುವಿನ ಎದುರೇ ತಾಯಿಯನ್ನು ಹೊಡೆದ ಇತಿಹಾಸ ಇರುವವರಿಗೆ "ಅಪ್ಪ ಅಲ್ವಾ" ಎಂದು ಮಗುವನ್ನು ಒಪ್ಪಿಸುವುದು ತಪ್ಪು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 21ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿ ಎನಿಸಿದರೆ ಭೇಟಿಯನ್ನೇ ನಿರಾಕರಿಸಬೇಕು. ಅನುಮಾನ ಇದ್ದಾಗ ಕೋರ್ಟಿನ ಆವರಣದಲ್ಲೇ, ಮತ್ತೊಬ್ಬರ ಕಣ್ಣೆದುರು ಭೇಟಿಗೆ ಆದೇಶ ಮಾಡಿಸುವ ದಾರಿಯೂ ಇದೆ.

ಇದರ ಇನ್ನೊಂದು ಮುಖ ಮಗುವಿನ ಮನಸ್ಸನ್ನು ತಿರುಗಿಸುವುದು. "ನಿಮ್ಮಪ್ಪ ನಮ್ಮನ್ನ ಬಿಟ್ಟು ಹೋದೋನು" ಎಂದು ಊಟದ ಹೊತ್ತಿನಲ್ಲಿ ದಿನಾ ಕೇಳುವ ಮಗು ಕೊನೆಗೆ "ನಾನೇ ಹೋಗಲ್ಲ" ಎನ್ನುತ್ತದೆ. ತಂದೆಯ ಮನೆಯಲ್ಲಿ ತಾಯಿಯ ಮೇಲೆ ಹೇಳುವುದೂ ಇದೇ ಬಗೆ. 2017ರಲ್ಲಿ ಸುಪ್ರೀಂ ಕೋರ್ಟು ಇದನ್ನು ಗುರುತಿಸಿ, ಎಳವೆಯಿಂದ ತಂದೆಯ ಬಳಿಯೇ ಬೆಳೆದಿದ್ದ ಹುಡುಗಿಯನ್ನು ತಾಯಿಗೆ ಒಪ್ಪಿಸಿತು. ತಾಯಿಯ ಒಡನಾಟವೇ ಸಿಗದ ಮಗು ತಂದೆಯೇ ಬೇಕೆಂದರೆ ಅದನ್ನೇ ಅಂತಿಮ ಮಾಡಲಾಗದು ಎಂಬುದು ಅದರ ತರ್ಕ.

ದುಡ್ಡಿನ ವಿಚಾರಕ್ಕೆ ಬರೋಣ. "ಮಗು ತೋರಿಸದೆ ಜೀವನಾಂಶ ಕೊಡಲ್ಲ", "ಜೀವನಾಂಶ ಕೊಡದೆ ಮಗು ತೋರಿಸಲ್ಲ" ಎಂಬ ಎರಡು ಮಾತುಗಳಿಗೂ ಕಾನೂನಿನಲ್ಲಿ ಆಧಾರವಿಲ್ಲ. ಮಗುವಿನ ಅನ್ನ, ಫೀಸು ಒಂದು ಹಕ್ಕು. ಅಪ್ಪ ಅಮ್ಮನನ್ನು ಕಾಣುವುದು ಮತ್ತೊಂದು ಹಕ್ಕು. ಒಂದನ್ನು ಒತ್ತೆಯಿಟ್ಟು ಮತ್ತೊಂದನ್ನು ಕೇಳುವಂತಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೇ ಕಲಂ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸಿದೆ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಮೇಲೆ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ.

ಮಲೆನಾಡಿನಲ್ಲಿ ಇದಕ್ಕೆ ತೋಟದ ಗಂಟೂ ಸೇರುತ್ತದೆ. ಅಜ್ಜ ಮೊಮ್ಮಗನ ಹೆಸರಿಗೆ ಬರೆದ ಅಡಿಕೆ ತೋಟವನ್ನು ಮೈನರ್ ಗಾರ್ಡಿಯನ್ ಎಂದು ತಂದೆ ಮಾರಬಹುದೇ? ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಸಹಜ ಪಾಲಕರು ಮಾರುವಂತಿಲ್ಲ, ಅಡವಿಡುವಂತಿಲ್ಲ. ಮಾರಿದ್ದರೆ, ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಗುವೇ ಕ್ರಯವನ್ನು ರದ್ದು ಮಾಡಿಸಬಹುದು. ತೋಟ ಕೊಳ್ಳುವವರು ಪಹಣಿಯ ಜೊತೆ ಇದನ್ನೂ ವಿಚಾರಿಸುವುದು ಕ್ಷೇಮ.

ಆದೇಶ ಕೈಯಲ್ಲಿದ್ದೂ ಮಗುವನ್ನು ತೋರಿಸದಿದ್ದರೆ ಅದೇ ಕೋರ್ಟಿನಲ್ಲಿ ಜಾರಿ ಅರ್ಜಿ ಹಾಕಬೇಕು. ಬೇಕೆಂದೇ ಮೀರಿದವರು ನ್ಯಾಯಾಂಗ ನಿಂದನೆಗೂ ಗುರಿಯಾಗಬಹುದು. ಮಗುವನ್ನು ಅಕ್ರಮವಾಗಿ ಅಡಗಿಸಿಟ್ಟಾಗ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಇದೆ. ಶಿವಮೊಗ್ಗ ಜಿಲ್ಲೆಯವರು ಅದಕ್ಕೆ ಬೆಂಗಳೂರು ಪೀಠಕ್ಕೆ ಹೋಗಬೇಕು. ವಿದೇಶದಿಂದ ಮಗುವನ್ನು ಕರೆತಂದ ವ್ಯಾಜ್ಯಗಳು ಇನ್ನೂ ಜಟಿಲ. ಅಂಥ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಪ್ರತಿ ಪ್ರಕರಣವನ್ನೂ ನಮ್ಮ ಕೋರ್ಟುಗಳು ಬೇರೆಬೇರೆಯಾಗಿಯೇ ತೂಗುತ್ತವೆ.

ಕಸ್ಟಡಿಯ ಯಾವ ಆದೇಶವೂ ಶಾಶ್ವತವಲ್ಲ. ಮಗು ಬೆಳೆಯುತ್ತದೆ, ಶಾಲೆ ಬದಲಾಗುತ್ತದೆ, ಒಬ್ಬರಿಗೆ ವರ್ಗವಾಗುತ್ತದೆ, ಇನ್ನೊಬ್ಬರು ಮತ್ತೆ ಮದುವೆಯಾಗುತ್ತಾರೆ. ಪರಿಸ್ಥಿತಿ ಬದಲಾದಾಗ ಆದೇಶ ಬದಲಿಸಿ ಎಂದು ಅರ್ಜಿ ಹಾಕಬಹುದು. ಹಿಂದೆ ಒಂದೇ ಸಾಲಿನ ರಾಜಿಗೆ ಸಹಿ ಹಾಕಿದವರು ಈಗಲೂ ಭೇಟಿಯ ದಿನ, ವೇಳೆ, ರಜೆಯ ವಿವರ ಬರೆಸಿಕೊಡಿ ಎಂದು ಕೇಳಬಹುದು. ವಕೀಲರ ಫೀಸಿಗೆ ಹಣವಿಲ್ಲ ಎಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿಯೊಳಗೆ ಈ ಸೌಲಭ್ಯವಿದೆ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಿ ವಿಚಾರಿಸಬಹುದು.